ಚಮಚಾ ಚುಂಬಕಕ್ಕ ಹತ್ತಲಿಲ್ಲ ಅಂದ್ರ ಹತ್ತಲಿಲ್ಲ

ಹೋದ ವಾರ ನಮ್ಮ ಮನ್ಯಾಗ ಒಂದು ಸಣ್ಣ ಮಹಾಭಾರತ ಆತು. ಕಾರಣ ಏನಂದ್ರ ಒಂದು ಚಮಚಾ. ನಗಬ್ಯಾಡ್ರಿ, ಪೂರ್ತಿ ಕೇಳ್ರಿ.

ನಮ್ಮ ಪುಟ್ಟಿ, ಅಂದ್ರ ಮಗಳ ಮಗಳು, ಎರಡನೇತ್ತಾ ಓದ್ತಾಳ. ಮಗಳು, ಅಳಿಯಾ ಇಬ್ರೂ ಕೆಲಸಕ್ಕ ಹೋಗೋರು. ಹಿಂಗಾಗಿ ಸಾಲಿ ಬಿಟ್ಟ ಮ್ಯಾಲೆ ಕೂಸು ನನ್ನ ಹತ್ರನ ಇರ್ತದ. ಅವತ್ತು ಮನಿಗೆ ಬಂದಾಕಿ ಚಪ್ಪಲಿ ಬಿಡೂಕಿಂತ ಮೊದ್ಲ ಚೀಲದಾಗಿಂದ ಒಂದು ಹಾಳಿ ತಗದು ನನ್ನ ಮುಂದ ಹಿಡದ್ಲು. ಚುಂಬಕಕ್ಕ ಯಾವ್ಯಾವ ಸಾಮಾನು ಹತ್ತತಾವ, ಯಾವ್ಯಾವ ಹತ್ತೂದಿಲ್ಲ ಅಂತ ಚಿತ್ರ ನೋಡಿ ಗುರ್ತು ಹಾಕೂ ಹಾಳಿ. ಮಳಿ, ಪೆನ್ಸಿಲ್ಲು, ರಬ್ಬರು, ಕೀಲಿಕೈ ಎಲ್ಲಾ ಸರಿ. ಸ್ಟೀಲಿನ ಚಮಚಾದ ಮುಂದ ಮಾತ್ರ ಕೆಂಪು ಶಾಯಿಯಿಂದ ದೊಡ್ಡ ತಪ್ಪು ಗುರ್ತು. ನಮ್ಮ ಪುಟ್ಟಿ ‘ಹತ್ತೂದಿಲ್ಲ’ ಅಂತ ಬರದಿದ್ಲು. ಉತ್ತರ ‘ಹತ್ತತದ’ ಅಂತ ಆಗಬೇಕಿತ್ತಂತ.

ಆಕಿ ಸುಮ್ಮ ಮನಸಿಗೆ ಬಂಧಂಗ ಬರದಿದ್ದಿಲ್ಲ. ಹಿಂದಿನ ದಿನಾ ಸಂಜಿಮುಂದ ಅವರಜ್ಜ ಕೆಟ್ಟ ರೇಡಿಯೋದ ಸ್ಪೀಕರ್ ಬಿಚ್ಚಿ ಕೊಟ್ಟ ಚುಂಬಕಾ ಹಿಡ್ಕೊಂಡು ನಮ್ಮ ಚಮಚಾಕ್ಕ ಹಚ್ಚಿ ಹಚ್ಚಿ ನೋಡಿದ್ಲು. ಹತ್ತಿದ್ದಿಲ್ಲ. ನಾ ಅಲ್ಲೇ ಕೂತು ಸೊಪ್ಪು ಸೋಸ್ಲಿಕತ್ತಿದ್ದೆ, ಕಣ್ಣಾರೆ ನೋಡೇನಿ.

ಈಗ ನನ್ನ ತಪ್ಪು ಹೇಳ್ತೇನಿ. ಕೂಸಿನ ಕಣ್ಣಾಗ ನೀರು ನೋಡಿ ಸಮಾಧಾನ ಮಾಡ್ಲಿಕ್ಕೆ ಹೋಗಿ, “ಇರ್ಲಿ ಬಿಡವಾ, ಮುಂದಿನ ಸಲ ಅವರು ಕಲಿಸಿಧಂಗ ಬರಿ, ಮಾರ್ಕ್ಸ್ ಬರ್ತಾವ” ಅಂದುಬಿಟ್ಟೆ. ಆಕಿ ನನ್ನ ಮುಖಾ ನೋಡಿ ಕೇಳಿದ್ಲು, “ಹಂಗಾರ ಅಜ್ಜಿ, ನಮ್ಮ ಚಮಚಾ ಸುಳ್ಳು ಹೇಳ್ತೇನು?”

ನನಗ ಉತ್ರಾ ಬರಲಿಲ್ಲ. ಆಕಿ ಚುಂಬಕಾ ಒಯ್ದು ಕಪಾಟಿನ್ಯಾಗ ಇಟ್ಲು. ಮೂರು ದಿನಾ ಮುಟ್ಟಲಿಲ್ಲ. ಇಡೀ ದಿನಾ ‘ಅಜ್ಜಿ ಇದು ಹತ್ತತದೇನು, ಅದು ಹತ್ತತದೇನು’ ಅಂತ ತಲಿ ತಿನ್ನೂ ಹುಡುಗಿ ಮೂರು ದಿನಾ ಗಪ್ ಕೂತ್ಲು. ಆವಾಗ ನನಗ ಹೊಟ್ಟ್ಯಾಗ ಕಸಿವಿಸಿ ಆಗ್ಲಿಕ್ಕೆ ಸುರು ಆತು. ಒಂದು ಮಾರ್ಕಿನ ಸಲುವಾಗಿ ನಾ ಏನು ಹೇಳಿದೆ? ನಿನ್ನ ಕಣ್ಣಿಂದ ನೋಡಿದ್ದು, ನಿನ್ನ ಕೈಯಿಂದ ಮಾಡಿದ್ದು ಲೆಕ್ಕಕ್ಕಿಲ್ಲ, ಹಾಳಿ ಮ್ಯಾಲೆ ಇದ್ದದ್ದ ಖರೇ ಅಂತ ಹೇಳಿಧಂಗ ಆತಲ್ಲ?

ನಾಕನೇ ದಿನಾ ಊಟಾ ಆದ ಮ್ಯಾಲೆ ನಾನ ಚುಂಬಕಾ ತಗೊಂಡು ಅಡಿಗಿ ಮನ್ಯಾಗ ಕೂತೆ. ಭಾಂಡಿ ಎಲ್ಲಾ ಇಳಿಸಿದೆ. ನಮ್ಮನಿಯವರು, “ದೀಪಾವಳಿ ಇನ್ನೂ ದೂರ ಅದ, ಈಗ್ಯಾಕ ಭಾಂಡಿ ತಿಕ್ಕಲಿಕತ್ತಿ?” ಅಂತ ಕೇಳಿದ್ರು. ಪುಟ್ಟಿ ಬಾಗಿಲ ಸಂದ್ಯಾಗಿಂದ ಇಣುಕಿ ನೋಡಿದ್ಲು, ಆಮ್ಯಾಲೆ ಬಂದು ಬಾಜೂಕ ಕೂತ್ಲು.

ಏನು ಸಿಕ್ತು ಗೊತ್ತೇನ್ರಿ? ಮನ್ಯಾಗ 11 ಸ್ಟೀಲ್ ಚಮಚಾ ಇದ್ವು. 4 ಹತ್ತಿದ್ವು, 7 ಹತ್ತಲಿಲ್ಲ! ಊಟದ ತಾಟಿನ್ಯಾಗೂ ಹಂಗ. ನನ್ನ ಮದಿವ್ಯಾಗ ಕೊಟ್ಟ ತಾಟು ಹತ್ತಲಿಲ್ಲ, ಹೋದ ವರ್ಷ ಸಂತ್ಯಾಗ ತಗೊಂಡಿದ್ದು ಟಪ್ ಅಂತ ಹತ್ತಿಬಿಡ್ತು. ಒಂದು ಬೋಗಾಣಿ ಅಂತೂ ಮಧ್ಯ ಹತ್ತಲಿಲ್ಲ, ಕಂಠದ ಅಂಚಿಗೆ ಮಾತ್ರ ಜರಾ ಜರಾ ಎಳೀತು. ಅಂದ್ರ ನಮ್ಮ ಪುಟ್ಟೀದೂ ಖರೇ, ಹಾಳಿಯ ಉತ್ರನೂ ಖರೇ. ಪ್ರಶ್ನಿನ ಅರ್ಧಾ ಇತ್ತು. ‘ಯಾವ ಸ್ಟೀಲು?’ ಅಂತ ಯಾರೂ ಕೇಳಿದ್ದಿಲ್ಲ.

ಹಿಂಗ್ಯಾಕ ಆಗ್ತದ ಅಂತ ಮಗಳನ್ನ ಕೇಳಿದೆ, ಆಕಿ ಇಂಜಿನಿಯರಿಂಗ್ ಓದಿದಾಕಿ. ಸ್ಟೀಲ್ ಅಂದ್ರ ಮೂಲಾ ಕಬ್ಬಿಣನ. ಅದಕ್ಕ ತುಕ್ಕು ಹಿಡೀಬಾರದು ಅಂತ ಕ್ರೋಮಿಯಂ ಬೆರಸ್ತಾರ. ಅಷ್ಟ ಬೆರಸಿದ್ರ ಅದು ಚುಂಬಕಕ್ಕ ಹತ್ತತದ. ಇನ್ನೂ ಛಲೋ ಆಗ್ಲಿ ಅಂತ ಅದರಾಗ ನಿಕ್ಕಲ್ ಕೂಡಿಸಿದ್ರ, ಕಬ್ಬಿಣದ ಕಣಗಳು ಕೂಡೂ ರೀತಿನ ಬದಲಾಗಿಬಿಡ್ತದ. ಆಗ ಚುಂಬಕಾ ಅದನ್ನ ಎಳೀಲಿಕ್ಕೆ ಆಗೂದಿಲ್ಲ. ಕೆಲವು ಭಾಂಡಿ ತಳಕ್ಕ 18/8 ಅಂತ ಒತ್ತಿರ್ತಾರ ನೋಡ್ರಿ, ಅದರರ್ಥ ನೂರಕ್ಕ 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಅಂತ. ಅಂಥಾವು ಸಾಮಾನ್ಯವಾಗಿ ಹತ್ತೂದಿಲ್ಲ. ಆದ್ರ ಅದನ್ನ ಬಗ್ಗಿಸಿ, ಒತ್ತಿ, ಅಂಚು ಮಡಚಿದ ಜಾಗಾದಾಗ ಕಣದ ಜೋಡಣಿ ಮತ್ತ ಜರಾ ಬದಲಾಗಿ ಸ್ವಲ್ಪ ಹತ್ತತದ. ನಮ್ಮ ಬೋಗಾಣಿ ಕಂಠದ ಗುಟ್ಟು ಅದು. ಮಜಾ ಅಂದ್ರ, ನಿಕ್ಕಲ್ ಒಂದ ಇದ್ರ ಚುಂಬಕಕ್ಕ ಹತ್ತತದ, ಕಬ್ಬಿಣಾ ಒಂದ ಇದ್ರೂ ಹತ್ತತದ, ಎರಡೂ ಈ ಸ್ಟೀಲಿನ್ಯಾಗ ಕೂಡಿದ್ರ ಹತ್ತೂದಿಲ್ಲ. ಒಳ್ಳೆ ಇಬ್ರು ಓರಗಿತ್ತೇರು ಒಂದ ಮನ್ಯಾಗ ಕೂಡಿದ್ಮ್ಯಾಲೆ ಸ್ವಭಾವನ ಬದಲಾಗಿಧಂಗ!

ಇಲ್ಲೇ ನಿಮಗೊಂದು ಉಪಯೋಗದ ಮಾತು ಹೇಳಿಬಿಡ್ತೇನಿ. ಭಾಂಡಿ ಅಂಗಡ್ಯಾಗ ಚುಂಬಕಾ ಹಚ್ಚಿ, “ನೋಡ್ರಿ ಅಕ್ಕಾರ, ಹತ್ತೂದಿಲ್ಲ, ಪ್ಯೂರ್ ಸ್ಟೀಲು” ಅಂತಾರಲ್ಲ, ಅದು ಪೂರ್ತಿ ಖರೇ ಅಲ್ಲ. ನಿಕ್ಕಲ್ ಕಡಿಮಿ ಮಾಡಿ ಮ್ಯಾಂಗನೀಸ್ ಹಾಕಿದ ಸ್ವಸ್ತಾ ಸ್ಟೀಲೂ ಹತ್ತೂದಿಲ್ಲ. ಹತ್ತೂ ಸ್ಟೀಲು ಕೆಟ್ಟದ್ದೂ ಅಲ್ಲ. ಚೂರಿ ಪಾತು ಸಾಮಾನ್ಯವಾಗಿ ಹತ್ತೂ ಸ್ಟೀಲಿಂದನ ಮಾಡ್ತಾರ. ಇಂಡಕ್ಷನ್ ಒಲಿಗಂತೂ ಹತ್ತೂ ತಳಾನ ಬೇಕು. ಇಂಡಕ್ಷನ್ ಮ್ಯಾಲೆ ಯಾವ ಭಾಂಡಿ ನಡೀತದ ಅಂತ ತಿಳೀಲಿಲ್ಲ ಅಂದ್ರ ತಳಕ್ಕ ಚುಂಬಕಾ ಹಚ್ಚಿ ನೋಡ್ರಿ, ಗಟ್ಟಿ ಹಿಡಕೊಂಡ್ರ ನಡೀತದ. ಜರ್ಮನ್ ಭಾಂಡಿ, ಅಂದ್ರ ಅಲ್ಯುಮಿನಿಯಂ, ಸಾದಾ ತಳದ್ದಿದ್ರ ನಡಿಯೂದಿಲ್ಲ.

ಹಂಗ ಬಂಗಾರದ ಮಾತು. ಚುಂಬಕಕ್ಕ ಹತ್ತಿದ ಬಳಿ ಬಂಗಾರದ್ದಲ್ಲ, ಇದು ಖರೇ. ಆದ್ರ ಹತ್ತಲಿಲ್ಲ ಅಂದ್ರ ಬಂಗಾರ ಅಂತ ಅಲ್ಲ! ತಾಮ್ರಾನೂ ಹತ್ತೂದಿಲ್ಲ, ಹಿತ್ತಾಳಿನೂ ಹತ್ತೂದಿಲ್ಲ. ಈ ಮಾತು ಏಳು ವರ್ಷದ ಕೂಸಿಗೆ ದೇವರ ಮನಿ ಗಂಟಿ, ಉದ್ಧರಣಿ ಹಚ್ಚಿ ತೋರಿಸಿದ ಕೂಡ್ಲೆ ತಿಳೀತು. “ಹತ್ತಲಾರದಾವು ಭಾಳ ಥರಾ ಅವ ಅಜ್ಜಿ” ಅಂದ್ಲು. ನಾವು ದೊಡ್ಡವರು ಅಂಗಡ್ಯಾಗ ಇದನ್ನ ಮರೀತೇವಿ.

ಈಗ ನನ್ನ ಅಭಿಪ್ರಾಯ ಹೇಳ್ತೇನಿ. ಸಣ್ಣ ಮಕ್ಕಳಿಗೆ ಚುಂಬಕದ ಪಾಠಾ ಬಾಯಿಪಾಠಾ ಮಾಡ್ಸಬಾರದು. ‘ಚುಂಬಕವು ಲೋಹಗಳನ್ನು ಆಕರ್ಷಿಸುತ್ತದೆ’ ಅಂತ ಒಂದು ಸಾಲು ಕಲಿಸಿಬಿಟ್ರ ಅದು ತಪ್ಪು ಪಾಠಾನೂ ಹೌದು. ಎಲ್ಲಾ ಲೋಹಾ ಎಲ್ಲೆ ಎಳೀತದ? ನಮ್ಮ ಮನಿ ಸಾಮಾನಿನ್ಯಾಗ ಕಬ್ಬಿಣಾ ಎಳೀತದ, ಕೆಲವು ಸ್ಟೀಲು ಎಳೀತದ, ಅಷ್ಟ. ಬೆಳ್ಳಿ, ಬಂಗಾರ, ತಾಮ್ರ, ಹಿತ್ತಾಳಿ, ಜರ್ಮನ್ ಒಂದೂ ಇಲ್ಲ. ಇದನ್ನ ಕೂಸು ತಾನ ಮುಟ್ಟಿ, ತಾನ ತಪ್ಪು ಮಾಡಿ, ತಾನ ತಿದ್ದಿಕೋಬೇಕು. ಅದಕ್ಕ ಪ್ರಯೋಗಶಾಲಿ ಬ್ಯಾಡ, ನಮ್ಮ ಅಡಿಗಿಮನಿ ಸಾಕು. ಮತ್ತ ಕೂಸು ನೋಡಿದ್ದಕ್ಕೂ ಹಾಳಿಗೂ ಜಗಳಾ ಬಂದಾಗ, ನಾವು ಹಾಳಿ ಕಡೆ ವಕೀಲಕಿ ಮಾಡಬಾರದು. “ಬಾ, ಇನ್ನೊಮ್ಮೆ ಹಚ್ಚಿ ನೋಡೋಣು” ಅನಬೇಕು.

ಇದು ಇವತ್ತಿನ ರೋಗ ಅಲ್ಲ, ಹಳೇದು. ಬಳ್ಳೊಳ್ಳಿ ಕಥಿ ಕೇಳ್ರಿ. ಹಿಂದಕ ಯುರೋಪಿನ್ಯಾಗ, ಚುಂಬಕಕ್ಕ ಬಳ್ಳೊಳ್ಳಿ ತಿಕ್ಕಿದ್ರ ಅದರ ಶಕ್ತಿ ಹೋಗಿಬಿಡ್ತದ ಅಂತ ನಂಬಿದ್ರಂತ. ಗ್ರೀಸಿನ ಪ್ಲುಟಾರ್ಕ್ ಅನ್ನೋ ದೊಡ್ಡ ಪಂಡಿತ ಸುಮಾರು 1,900 ವರ್ಷದ ಹಿಂದ ಬರದಾನ. ಅವನ ಕಾಲದಿಂದ ನೂರಾರು ವರ್ಷ ಪಂಡಿತ್ರು ಒಬ್ಬರದು ನೋಡಿ ಒಬ್ಬರು ಬರಕೋತ ಹೋದ್ರು. ಆಮ್ಯಾಲೆ ಇಟಲಿಯ ನೇಪಲ್ಸಿನ ಡೆಲ್ಲಾ ಪೋರ್ಟಾ ಅನ್ನಾವ, ಬಳ್ಳೊಳ್ಳಿ ತಿಂದು ಚುಂಬಕದ ಮ್ಯಾಲೆ ಉಸಿರು ಬಿಟ್ಟು ನೋಡಿದ, ಬಳ್ಳೊಳ್ಳಿ ರಸಾ ಹಚ್ಚಿ ನೋಡಿದ. ಏನೂ ಆಗಲಿಲ್ಲ! 1589ರ ತನ್ನ ಪುಸ್ತಕದಾಗ ಇದು ಸುಳ್ಳು ಅಂತ ಬರದ. 1600ರಾಗ ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ ಅನ್ನೋ ಡಾಕ್ಟರೂ ಅದನ್ನ ಹೇಳಿದ. ಯೋಚನಾ ಮಾಡ್ರಿ, ಒಂದು ಎಸಳು ಬಳ್ಳೊಳ್ಳಿ, ಒಂದು ಚುಂಬಕಾ, ಎರಡು ನಿಮಿಷದ ಕೆಲಸ. ಅಷ್ಟು ಮಾಡ್ಲಿಕ್ಕೆ ನೂರಾರು ವರ್ಷ ಹಿಡೀತು. ಒಗ್ಗರಣಿ ಹಾಕೂ ಹೆಣ್ಣುಮಗಳ ಕೈಯಾಗ ಚುಂಬಕಾ ಕೊಟ್ಟಿದ್ರ ಅವತ್ತ ಗೊತ್ತಾಗ್ತಿತ್ತು.

ಕೊಡ್ತಿದ್ದಿಲ್ಲ, ಅದ ಮಾತು. ನಾ ಒಂಬತ್ತು ವರ್ಷದಾಕಿ ಇದ್ದಾಗ ನಮ್ಮ ಓಣ್ಯಾಗ ಮನಿ ಕಟ್ಟಲಿಕ್ಕೆ ಉಸುಕು ಒಟ್ಟಿದ್ರು. ನಮ್ಮಣ್ಣ ಸೈಕಲ್ ಡೈನಮೋದಾಗಿನ ಚುಂಬಕಾ ತಗದು ದಾರಾ ಕಟ್ಟಿ ಆ ಉಸುಕಿನ್ಯಾಗ ಎಳಕೊಂಡು ಅಡ್ಡಾಡಿದ್ರ ಅದಕ್ಕ ಕರೀ ಪುಡಿ ಮೀಸಿಗತೆ ಹತ್ತಿಕೋತಿತ್ತು. ಆ ಪುಡಿ ಕಾಗದದ ಮ್ಯಾಲೆ ಹಾಕಿ ಕೆಳಗ ಚುಂಬಕಾ ಹಿಡದ್ರ ಪುಡಿ ಎದ್ದು ಕುಣೀತಿತ್ತು. ನಾನೂ ಬೇಕು ಅಂದೆ. ನಮ್ಮ ಕಾಕಾ, “ಹುಡುಗ್ಯಾರಿಗೆ ಅದ್ಯಾಕ? ಹೋಗು, ಒಳಗ ನಿಮ್ಮವ್ವಗ ಕೈಗೂಡು” ಅಂದ್ರು. ಅವರು ಕೆಟ್ಟವರೇನಲ್ಲ, ಕಾಲಾನ ಹಂಗಿತ್ತು. ಆದ್ರ ಐವತ್ತು ವರ್ಷ ಆದ್ರೂ ಆ ಕರೀ ಪುಡಿ ಏನು ಅಂತ ನಾ ಯಾರನ್ನೂ ಕೇಳಲಿಲ್ಲ. ಈ ಸಲ ಪುಟ್ಟಿ ನೆವದಾಗ ತಿಳೀತು: ಅದು ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಅದಿರಿನ ಕಣ, ಕಲ್ಲು ಸವದು ಹೊಳ್ಯಾಗ ಹರದು ಬಂದು ಉಸುಕಿನ್ಯಾಗ ಕೂಡಿರ್ತದ. ನಮ್ಮ ಕುದುರೆಮುಖದ ಗುಡ್ಡದಾಗ ತಗೀತಿದ್ದದ್ದೂ ಅದ ಅದಿರು. ನಮ್ಮಜ್ಜಿ ಚುಂಬಕಕ್ಕ ‘ಸೂಜಿಗಲ್ಲು’ ಅಂತಿದ್ಲು. ಪುಸ್ತಕದಾಗ ‘ಅಯಸ್ಕಾಂತ’ ಅಂತಾರ. ಅಯಸ್ಸು ಅಂದ್ರ ಕಬ್ಬಿಣ, ಕಾಂತ ಅಂದ್ರ ಪ್ರಿಯ, ಕಬ್ಬಿಣಕ್ಕ ಬೇಕಾದಾವ. ಎಷ್ಟು ಛಂದ ಹೆಸರು ನೋಡ್ರಿ.

ಬಾಜೂ ಮನಿ ವೈನಿ ಹೇಳಿದ್ರು, “ಇಷ್ಟೆಲ್ಲಾ ಮಾಡ್ಲಿಕ್ಕೆ ಯಾರಿಗೆ ಟೈಮ್ ಅದ?” ಅಂತ. ವೈನಿ, ಟೈಮ್ ಬೇಕಾಗೂದಿಲ್ಲ. ನಾ ಭಕ್ರಿ ಬಡಕೋತ ಮಾಡ್ಸೇನಿ. ಹೆಂಗ ಅಂತ ಹೇಳ್ತೇನಿ.

ಮೊದಲನೇದು, ಎರಡು ಡಬ್ಬಿ ಆಟಾ. ಒಂದು ಹತ್ತಾವು, ಒಂದು ಹತ್ತಲಾರದಾವು. ಮನಿ ಸಾಮಾನು ಒಂದೊಂದ ಹಚ್ಚೂಕಿಂತ ಮೊದ್ಲ ‘ಹತ್ತತದೋ ಇಲ್ಲೋ’ ಅಂತ ಕೂಸು ಬಾಯಿಲೆ ಹೇಳಬೇಕು. ಇದು ಮುಖ್ಯ. ಹೇಳಿ ಹಚ್ಚಿದ್ರನ ತಪ್ಪಿದ್ದು ಗೊತ್ತಾಗ್ತದ, ತಪ್ಪಿದ್ರನ ನೆನಪಿರ್ತದ. ಪಿನ್ನು, ಮಳಿ, ಬಾಗಿಲ ಚಿಲಕಾ, ಈಳಗಿ ಪಾತು (ಇದನ್ನ ನೀವ ಹಿಡೀರಿ), ಒಂದು ರೂಪಾಯಿ ನಾಣ್ಯ ಹತ್ತತಾವ. ಹಳದಿ ಐದು ರೂಪಾಯಿ ನಾಣ್ಯ ಹತ್ತೂದಿಲ್ಲ. ಹಳೇ ಹತ್ತು ಪೈಸಾ, ಇಪ್ಪತ್ತು ಪೈಸಾ ಜರ್ಮನ್ ನಾಣ್ಯ ಇದ್ರ ಅವೂ ಹತ್ತೂದಿಲ್ಲ.

ಎರಡನೇದು, ಮೀನಾ ಹಿಡಿಯೂ ಆಟಾ. ಕಾಗದದ ಮೀನಾ ಕತ್ತರಿಸಿ ಬಾಯಿಗೆ ಕಬ್ಬಿಣದ ಕ್ಲಿಪ್ಪು ಹಚ್ಚಿ, ಲಟ್ಟಣಿಗಿಗೆ ದಾರಾ ಕಟ್ಟಿ ತುದಿಗೆ ಚುಂಬಕಾ. ಆಮ್ಯಾಲೆ ಒಂದು ಕ್ಲಿಪ್ಪು ನೀರು ತುಂಬಿದ ಗಾಜಿನ ಗ್ಲಾಸಿನ್ಯಾಗ ಹಾಕಿ, ಹೊರಗಿಂದ ಚುಂಬಕಾ ಹಚ್ಚಿ, ಕೈ ತೋಯ್ಸದ ಕ್ಲಿಪ್ಪು ಮ್ಯಾಲೆ ತಗೀರಿ. ಗಾಜು, ನೀರು, ಕಾಗದಾ, ಅರಿಬಿ ಎಲ್ಲಾ ದಾಟಿ ಅದರ ಎಳೆತ ಹೋಗ್ತದ ಅಂತ ಹೇಳೂದ ಬ್ಯಾಡ, ತಾನ ನೋಡ್ತದ.

ಮೂರನೇದು, ಉಸುಕು. ಆದ್ರ ಚುಂಬಕಾ ಮೊದ್ಲ ಪ್ಲಾಸ್ಟಿಕ್ ಚೀಲದಾಗ ಹಾಕ್ರಿ. ಪುಡಿ ಹತ್ತಿದ ಮ್ಯಾಲೆ ಕಾಗದದ ಮ್ಯಾಲೆ ಹಿಡದು ಚೀಲದಾಗಿನ ಚುಂಬಕಾ ಹೊರಗ ಎಳದ್ರ ಪುಡಿ ಎಲ್ಲಾ ಕೆಳಗ ಬೀಳ್ತದ. ಹಂಗ ಬರೀ ಚುಂಬಕಾ ಹಾಕಿದ್ರ ಆ ಪುಡಿ ಬಿಡಿಸೂದು ಎಣ್ಣಿ ಜಿಡ್ಡು ತಗಿಯೂಕಿಂತ ಕಠಿಣ, ನಾ ಅನುಭವಿಸೇನಿ.

ನಾಕನೇದು, ಸೂಜಿ. ಇದು ನನಗ ಎಲ್ಲಾದಕ್ಕಿಂತ ಪ್ರೀತಿ. ಹೊಲಿಯೂ ಸೂಜಿ ತಗೊಂಡು ಚುಂಬಕದ ಒಂದ ತುದಿಯಿಂದ, ಒಂದ ದಿಕ್ಕಿಗೆ, ಕಣ್ಣಿನಿಂದ ಮನಿ ತನಕಾ ನಾಕೈವತ್ತು ಸಲ ಎಳೀರಿ. ಹಿಂದ ಮುಂದ ತಿಕ್ಕಬ್ಯಾಡ್ರಿ, ಪ್ರತಿ ಸಲ ಎತ್ತಿ ಮತ್ತ ಮೊದಲಿಂದ. ಈಗ ಸೂಜಿನ ಚುಂಬಕಾ ಆಗಿರ್ತದ, ಪಿನ್ನು ಎತ್ತತದ. ಅದನ್ನ ಒಂದು ಸಣ್ಣ ಎಲಿ ಮ್ಯಾಲೆ ಇಟ್ಟು ಪ್ಲಾಸ್ಟಿಕ್ ಬುಟ್ಟಿ ನೀರಿನ್ಯಾಗ ತೇಲಿ ಬಿಡ್ರಿ. ಮೆಲ್ಲಕ ತಿರುಗಿ ಉತ್ತರ-ದಕ್ಷಿಣಕ್ಕ ನಿಂತುಬಿಡ್ತದ. ಬೆಳಿಗ್ಗೆ ಹುಟ್ಟೂ ಸೂರ್ಯಾನ ಕಡೆ ಮುಖಾ ಮಾಡಿ ನಿಂತ್ರ ಎಡಗೈ ಕಡೆ ಉತ್ತರ. ಹೊಂದಸಿ ನೋಡ್ರಿ. ಎಷ್ಟು ಸಲ ತಿರುವಿ ಬಿಟ್ರೂ ಅದ ಕಡೆ ಬಂದು ನಿಲ್ತದ. ಪುಟ್ಟಿ ಎಂಟು ಸಲ ತಿರುವಿದ್ಲು. ಕಡೀಕ, “ಇದಕ್ಕ ಯಾರು ಹೇಳ್ತಾರಜ್ಜಿ?” ಅಂದ್ಲು.

ಹೇಳಾಕಿ ಭೂಮಿತಾಯಿ. ಇಡೀ ಭೂಮಿನ ಒಂದು ದೊಡ್ಡ ಚುಂಬಕಾ ಅಂತ ಆ ಗಿಲ್ಬರ್ಟ್ 1600ರ ಪುಸ್ತಕದಾಗ ಬರದ. ಚುಂಬಕದ ಕಲ್ಲಿನ ಒಂದು ಸಣ್ಣ ಗುಂಡು ಮಾಡಿ, ಅದರ ಸುತ್ತ ಸೂಜಿ ಇಟ್ಟು ನೋಡಿ, ಭೂಮಿ ಮ್ಯಾಲೆ ಸೂಜಿ ನಡಕೊಂಡಂಗ ಇಲ್ಲೂ ನಡಕೋತದ ಅಂತ ತೋರಿಸಿದ. ಭೂಮಿಯ ಈ ಎಳೆತ ಎಷ್ಟು ಸೂಕ್ಷ್ಮ ಅಂತ ತಿಳೀಬೇಕಂದ್ರ ಮುಂಬೈ ಕಥಿ ಛಲೋ ಅದ. ಮುಂಬೈಯ ಕೊಲಾಬಾದಾಗ ಭೂಮಿಯ ಚುಂಬಕ ಶಕ್ತಿ ಅಳಿಯೂ ಕೇಂದ್ರ ಇತ್ತು. ಊರಾಗ ಕುದುರಿ ಟ್ರಾಂ ಹೋಗಿ ಕರೆಂಟಿನ ಟ್ರಾಂ ಬರೋದದ ಅಂತ ಗೊತ್ತಾತು. ಕರೆಂಟ್ ಹರದ್ರ ಅದರ ಸುತ್ತನೂ ಚುಂಬಕ ಶಕ್ತಿ ಹುಟ್ಟತದ, ಅಳತಿ ಕೆಡ್ತದ. ಅದಕ್ಕ 1904ರಾಗ ಆ ಕೆಲಸಾ ಸಮುದ್ರದಾಚಿ ಅಲಿಬಾಗಿಗೆ ಒಯ್ದ್ರು. ಅಲ್ಲಿಯ ಕಟ್ಟಡದಾಗ ಕಬ್ಬಿಣಾ ಬಳಸಲಿಲ್ಲ, ಪೋರಬಂದರದ ಕಲ್ಲು ತಂದು, ತಾಮ್ರ-ಹಿತ್ತಾಳಿ ಸಾಮಾನು ಹಚ್ಚಿ ಕಟ್ಟಿದ್ರು. ಹತ್ತಾವು-ಹತ್ತಲಾರದಾವು ಡಬ್ಬಿ ಆಟದ ಮಾತ ಇದು. ಹತ್ತಲಾರದ ಡಬ್ಬಿಯಿಂದ ಒಂದು ಕಟ್ಟಡಾನ ಕಟ್ಟಿದ್ರು ಅಂತ ಹೇಳಿದಾಗ ನಮ್ಮ ಪುಟ್ಟಿ ಚಪ್ಪಾಳಿ ಹೊಡದ್ಲು.

ಇಲ್ಲೊಂದು ಮಾತು, ಹಿರಿಯರು ಸಿಟ್ಟಾಗಬ್ಯಾಡ್ರಿ. ಉತ್ತರಕ್ಕ ತಲಿ ಹಾಕಿ ಮಲಗಬಾರದು, ಭೂಮಿಯ ಚುಂಬಕ ರಕ್ತದಾಗಿನ ಕಬ್ಬಿಣಾ ಎಳೀತದ ಅಂತ ಫೋನಿನ್ಯಾಗ ದಿನಾ ಬರ್ತದ. ನಮ್ಮತ್ತಿ ಹೇಳಿಕೊಟ್ಟಾರ, ನಾನೂ ಉತ್ತರಕ್ಕ ತಲಿ ಹಾಕೂದಿಲ್ಲ, ಮುಂದೂ ಹಾಕೂದಿಲ್ಲ. ಅದು ನಮ್ಮ ಮನಿ ಪದ್ಧತಿ. ಆದ್ರ ಅದಕ್ಕ ಚುಂಬಕದ ಹೆಸರು ಹಚ್ಚಿ ಕೂಸಿಗೆ ಹೇಳೂದಿಲ್ಲ. ಫ್ರಿಜ್ ಬಾಗಿಲಿಗೆ ಹಚ್ಚೂ ಚುಂಬಕದ ಶಕ್ತಿನ, ಅದರ ಹತ್ರ ಹಿಡದು ಅಳದ್ರ, ಭೂಮೀದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರ್ತದ. ಅದನ್ನ ಕೈಯಾಗ ಹಿಡದ್ರ ನಮ್ಮ ರಕ್ತ ಏನೂ ಓಡಿ ಬರೂದಿಲ್ಲ. ಪುಟ್ಟಿ ಪಾಲಕ್ ಪಲ್ಯಾಕ್ಕ ಚುಂಬಕಾ ಹಚ್ಚಿ, “ಇದರಾಗ ಕಬ್ಬಿಣ ಅದ ಅಂತೀರಿ, ಮತ್ತ್ಯಾಕ ಹತ್ತವಲ್ದು?” ಅಂತ ಕೇಳಿದಾಕಿ. ಪಲ್ಯಾದಾಗಾಗ್ಲಿ ರಕ್ತದಾಗಾಗ್ಲಿ ಇರೋ ಕಬ್ಬಿಣಾ ಮಳಿಗತೆ ಗಟ್ಟಿ ಲೋಹಾ ಆಗಿ ಇರೂದಿಲ್ಲ, ಬ್ಯಾರೆ ಪದಾರ್ಥದ ಜೋಡಿ ಬೆಸದಿರ್ತದ, ಅದಕ್ಕ ಹಂಗ ಹತ್ತೂದಿಲ್ಲ.

ಈಗ ನಗಿ ಸಾಕು, ಹೆದರಿಕಿ ಮಾತು. ಇದನ್ನ ಓದದ ಮುಂದ ಹೋಗಬ್ಯಾಡ್ರಿ. ಈಗ ಪ್ಯಾಟ್ಯಾಗ ಸಾಸಿವಿ ಡಬ್ಬಿಯಷ್ಟು ಸಣ್ಣ ಡಬ್ಬಿಯೊಳಗ ಬೆಳ್ಳನ್ನ ಹೊಳಿಯೂ ಚುಂಬಕದ ಗುಂಡು ಮಾರ್ತಾರ. ನೋಡ್ಲಿಕ್ಕೆ ಮಿಠಾಯಿಗತೆ ಕಾಣ್ತಾವ. ಅವು ಭಾರೀ ಶಕ್ತೀವು. ಕೂಸು ಎರಡು ಗುಂಡು ನುಂಗಿದ್ರ, ಕರುಳಿನ ಬ್ಯಾರೆ ಬ್ಯಾರೆ ಸುತ್ತಿನ್ಯಾಗಿದ್ದು ಒಂದನ್ನೊಂದು ಎಳದು, ನಡುವಿನ ಕರುಳಿನ ಗ್ವಾಡಿ ಒತ್ತಿ ಹಿಡದು ತೂತು ಮಾಡ್ತಾವ. ಒಂದು ಚುಂಬಕಾ ಮತ್ತ ಒಂದು ಕಬ್ಬಿಣದ ತುಂಡು ನುಂಗಿದ್ರೂ ಹಂಗ. ಮೊದಮೊದ್ಲ ಬರೀ ಹೊಟ್ಟಿನೋವು, ವಾಂತಿ, ಅಜೀರ್ಣ ಅನಸ್ತದ. ನುಂಗ್ಯದ ಅಂತ ಜರಾ ಸಂಶಯ ಬಂದ್ರೂ ಬಾಳೆಹಣ್ಣು ತಿನಸೂದು, ವಾಂತಿ ಮಾಡ್ಸೂದು, ‘ನಾಳೆ ಸಂಡಾಸಿನ್ಯಾಗ ಬೀಳ್ತದ’ ಅಂತ ಕಾಯೂದು ಯಾವುದೂ ಬ್ಯಾಡ. ಆಗಿಂದಾಗ ದವಾಖಾನಿಗೆ ಓಡ್ರಿ, ‘ಚುಂಬಕಾ ನುಂಗ್ಯದ’ ಅಂತ ಬಾಯಿಬಿಟ್ಟು ಹೇಳ್ರಿ. ಸಣ್ಣ ಮಕ್ಕಳಿದ್ದ ಮನ್ಯಾಗ ಈ ಗುಂಡು ತರಲೇಬಾರದು. ಆಟಕ್ಕ ದೊಡ್ಡ ಚುಂಬಕಾ, ಬಾಯಾಗ ಹಿಡಿಸಲಾರದಷ್ಟು ದೊಡ್ಡದು, ಅದೂ ನಮ್ಮ ಕಣ್ಣ ಮುಂದ. ಫ್ರಿಜ್ ಗೊಂಬಿ ಹಿಂದಿನ ಸಣ್ಣ ಚುಂಬಕಾ ಸಡಿಲಾಗಿದ್ರ ಇವತ್ತ ತಗದು ಇಡ್ರಿ. ಹೃದಯಕ್ಕ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರ ಎದಿ ಹತ್ರ ಚುಂಬಕಾ ಒಯ್ಯಬಾರದು.

ನೋಡ್ರಿ, ನಾವು ಎಂಥಾವರು? ಈ ಗುಂಡು ಆಟಿಗಿ ಅಂತ ತಂದು ಕೊಡ್ತೇವಿ, ಕೂಸು ಚಮಚಾಕ್ಕ ಚುಂಬಕಾ ಹಚ್ಚಿ ನೋಡಿದ್ರ ‘ಸಾಮಾನು ಯಾಕ ಹರವಿ’ ಅಂತ ಬೈತೇವಿ. ಹೆದರಬೇಕಾದಲ್ಲಿ ಹೆದರೂದಿಲ್ಲ, ಹೆದರಬಾರದಲ್ಲಿ ಹೆದರ್ತೇವಿ.

ಮಾರ್ಕ್ಸಿನ ಮಾತಿಗೆ ಬರ್ತೇನಿ, ಯಾಕಂದ್ರ ನೀವು ಕೇಳೇ ಕೇಳ್ತೀರಿ. ಶನಿವಾರ ಸಾಲಿಗೆ ಹೋದೆ. ಪಿಶವಿಯೊಳಗ ಎರಡು ಚಮಚಾ, ಒಂದು ಚುಂಬಕಾ. ಜಗಳಾ ಮಾಡ್ಲಿಕ್ಕೆ ಅಲ್ಲ. ಟೀಚರ್ ಸಣ್ಣ ಹುಡುಗಿ, ನನ್ನ ಮಗಳಕಿಂತ ಸಣ್ಣಾಕಿ. ಕೈಯಾಗ ನಲವತ್ತು ಹಾಳಿ ತಿದ್ದೂದಿತ್ತು. “ಆಂಟಿ, ಉತ್ತರದ ಪಟ್ಟಿ ಮ್ಯಾಲಿಂದ ಬರ್ತದ, ನಾ ಅದನ್ನ ನೋಡಿ ತಿದ್ದಿದ್ದು” ಅಂದ್ಲು. ಪುಟ್ಟಿ ಎರಡೂ ಚಮಚಾಕ್ಕ ಹಚ್ಚಿ ತೋರಿಸಿದ್ಲು. ಆ ಹುಡುಗಿ ತನ್ನ ಊಟದ ಡಬ್ಬಿ ಮುಂದ ತಂದ್ಲು. ಡಬ್ಬಿ ಹತ್ತಲಿಲ್ಲ, ಮುಚ್ಚಳದ ಕೊಂಡಿ ಹತ್ತಿತು. ಆಕಿಗೂ ನಗಿ ಬಂತು. “ನನಗೂ ಯಾರೂ ಹಚ್ಚಿ ತೋರಿಸಿದ್ದಿಲ್ಲ ಆಂಟಿ” ಅಂದ್ಲು. ಆ ಮಾತು ನನ್ನ ಎದಿಗೆ ಹತ್ತಿತು. ಮಾರ್ಕು ತಿದ್ದಲಿಲ್ಲ, ನಾ ಕೇಳಲೂ ಇಲ್ಲ. ಆದ್ರ ಸೋಮವಾರ ಎಲ್ಲಾ ಮಕ್ಕಳಿಗೆ ಮನಿಯಿಂದ ಒಂದೊಂದು ಚಮಚಾ ತರ್ಲಿಕ್ಕೆ ಹೇಳಿದ್ಲಂತ.

ನಾಳೆ ಪರೀಕ್ಷಾದಾಗ ಮತ್ತ ಅದ ಪ್ರಶ್ನಿ ಬಂದ್ರ ಏನು ಬರೀಲಿ ಅಂತ ಪುಟ್ಟಿ ಕೇಳಿದ್ಲು. “ಕೆಲವು ಹತ್ತತಾವ, ಕೆಲವು ಹತ್ತೂದಿಲ್ಲ ಅಂತ ಬರಿ” ಅಂದೆ. ಮಾರ್ಕು ಹೋದ್ರ ಹೋಗ್ಲಿ. ಎರಡನೇತ್ತಾದ ಒಂದು ಮಾರ್ಕು ಮುಂದ ಯಾರೂ ಕೇಳೂದಿಲ್ಲ. ಆದ್ರ ತಾ ನೋಡಿದ್ದನ್ನ ತಾ ಹೇಳೂ ಧೈರ್ಯ ಈ ವಯಸ್ಸಿನ್ಯಾಗ ಹೋತು ಅಂದ್ರ, ಅದು ತಿರುಗಿ ಬರ್ಲಿಕ್ಕೆ ಐವತ್ತು ವರ್ಷ ಬೇಕಾಗ್ತದ. ನನ್ನನ್ನ ನೋಡ್ರಿ.

ಚುಂಬಕಾ ಈಗ ಕಪಾಟಿನ್ಯಾಗಿಂದ ಹೊರಗ ಬಂದದ, ನನ್ನ ಮಸಾಲಿ ಡಬ್ಬಿ ಬಾಜೂಕ ಇರ್ತದ. ನೀವೂ ಇವತ್ತ ಊಟಾ ಆದ ಮ್ಯಾಲೆ ಮಕ್ಕಳನ್ನ ಕೂಡ್ಸಿಕೊಂಡು ನಿಮ್ಮ ಚಮಚಾ ಹಚ್ಚಿ ನೋಡ್ರಿ. ಎಷ್ಟು ಹತ್ತಿದ್ವು, ಎಷ್ಟು ಬಿಟ್ವು ಅಂತ ಗುಡಿಯಾಗ ಸಿಕ್ಕಾಗ ಹೇಳ್ರಿ, ಪುಟ್ಟಿ ಪಟ್ಟಿ ಮಾಡ್ಲಿಕತ್ತಾಳ.